ಓಣಿ ನಲವತ್ತೇಳು, ಮನೆ ಒಂಬತ್ತು

ಸೈಗಾನ್
18 ಫೆಬ್ರುವರಿ 1994

ನ್ಯುಂಗ್ ಅವರಿಗೆ,

ಅಕ್ಷರ ನೋಡಿಯೇ ಬರೆದವರು ಯಾರೆಂದು ನಿಮಗೆ ತಿಳಿದಿರುತ್ತದೆ. ಹತ್ತು ವರ್ಷದ ಮೇಲೆ ಇವಳಿಗೇನು ಬಂತು ಎಂದು ಹುಬ್ಬೇರಿಸಬೇಡಿ. ಜಗಳ ಮರೆತು ಬರೆಯುತ್ತಿಲ್ಲ. ಬೇರೆ ಗತಿಯಿಲ್ಲದೆ ಬರೆಯುತ್ತಿದ್ದೇನೆ.

ನಮ್ಮ ಓಣಿ ಹೋಗುತ್ತಿದೆ. ಕಾಲುವೆಯನ್ನು ಶುದ್ಧ ಮಾಡಿ ಎರಡೂ ದಂಡೆಗೆ ರಸ್ತೆ ಹಾಕುತ್ತಾರಂತೆ. ಹೊಸ ವರ್ಷದ ಟೆಟ್ ಹಬ್ಬ ಮುಗಿದ ಮರುದಿನವೇ ಬಂದು ಎಲ್ಲರ ಗೋಡೆಗೂ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಮೇ ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು. ಊರಾಚೆ ಕಟ್ಟಿದ ಮಹಡಿ ಮನೆಗಳಲ್ಲಿ ಒಂದನ್ನು ನನಗೂ ಕೊಡುತ್ತಾರೆ. ಕೊಟ್ಟುಕೊಳ್ಳಲಿ. ನನ್ನ ಸಂಕಟ ಮನೆಯದಲ್ಲ, ವಿಳಾಸದ್ದು. ಖಾಂಗ್‌ಗೆ ಗೊತ್ತಿರುವುದು ಇದೊಂದೇ ವಿಳಾಸ. ಓಣಿ ನಲವತ್ತೇಳು, ಮನೆ ಒಂಬತ್ತು. ನನ್ನ ಮಗ ಎಲ್ಲಿಂದ ಬರೆದರೂ ಇದಕ್ಕೇ ಬರೆಯಬೇಕು.

ಅದಕ್ಕಿಂತ ಮೊದಲು ಇನ್ನೊಂದು ಕುತ್ತಿಗೆಗೆ ಬಂದಿದೆ. ವಾರ್ಡ್ ಕಚೇರಿಯ ಹುಡುಗಿ ನಮ್ಮ ಮನೆಪುಸ್ತಕ ತೆರೆದು ನೋಡಿದಳು. ಅದರಲ್ಲಿರುವುದು ಎರಡೇ ಹೆಸರು, ನನ್ನದು ಮತ್ತು ಖಾಂಗ್‌ನದು.

"ಈ ಮನುಷ್ಯ ಎಲ್ಲಮ್ಮ?" ಅಂದಳು.

"ಹೊರಗೆ ಹೋಗಿದ್ದಾನೆ," ಅಂದೆ.

"ಯಾವಾಗ ಬರ್ತಾನೆ?"

"ಹೋಗಿ ಹದಿಮೂರು ವರ್ಷ ಆಯ್ತು. ಇನ್ನೇನು ಬರಬೇಕು."

ಅವಳು ನಗಲಿಲ್ಲ, ಪಾಪ. ಪೆನ್ನನ್ನೂ ಎತ್ತಲಿಲ್ಲ. ಹೊಸ ಪುಸ್ತಕದಲ್ಲಿ ಅವನ ಹೆಸರು ಉಳಿಯಬೇಕಾದರೆ, ಆಗ ಓಣಿಯಲ್ಲಿದ್ದ ಒಬ್ಬರು ಅವನು ಮನೆ ಬಿಟ್ಟು ಹೋಗಿದ್ದಾನೆ, ಸತ್ತಿಲ್ಲ ಎಂದು ಬರೆದು ಸಹಿ ಹಾಕಬೇಕಂತೆ. ಇಲ್ಲದಿದ್ದರೆ ಹೆಸರಿನ ಮೇಲೆ ಗೀಟು. ಕ್ಷೌರದ ಮುದುಕ ತೀರಿಕೊಂಡ. ಎದುರುಮನೆಯವರು ಅಮೆರಿಕಕ್ಕೆ ಹೋದರು. ನಿಮ್ಮ ಮನೆಯಲ್ಲಿ ಈಗ ಮೋಟರ್‌ಸೈಕಲ್ ರಿಪೇರಿ ಮಾಡುತ್ತಾರೆ. ಹುಡುಕಿ ಹುಡುಕಿ ಉಳಿದವರು ನೀವೊಬ್ಬರೇ.

ಕಾಂಬೋಡಿಯಾದ ಯುದ್ಧಕ್ಕೆ ಕರೆ ಬರುವ ಮೊದಲು ಮಗ ದಾತ್‌ನನ್ನು ದೇಶ ಬಿಡುವ ದೋಣಿ ಹತ್ತಿಸುತ್ತೇನೆ, ಖಾಂಗ್ ಜೊತೆಗಿರಲಿ ಎಂದವರು ನೀವು. ದೋಣಿ ನಿಮ್ಮ ಅಣ್ಣನದು. ನಾನು ಒಂದೇ ನೀಲಿ ಬಟ್ಟೆಯಲ್ಲಿ ಇಬ್ಬರಿಗೂ ಅಂಗಿ ಹೊಲಿದು ಕಳಿಸಿದೆ. ಮೂರು ವರ್ಷ ಇಬ್ಬರೂ ಒಟ್ಟಿಗೆ ಕಾದೆವು. ಆಮೇಲೆ ಒಂದು ದಿನ ನೀವು ದಾತ್‌ನ ಫೋಟೊ ತೀರಿಹೋದ ಹಿರಿಯರ ಪೀಠದ ಮೇಲಿಟ್ಟು ಊದುಬತ್ತಿ ಹಚ್ಚಿದಿರಿ. ಅವರು ಹೊರಟ ದಿನವನ್ನೇ ತಿಥಿ ಮಾಡಿದಿರಿ. ಒಂದೇ ದೋಣಿಯಲ್ಲಿ ಹೋದವರಲ್ಲಿ ನಿಮ್ಮವನು ಸತ್ತನೆಂದರೆ ನನ್ನವನೂ ಸತ್ತಂತೆಯೇ ಎಂದು ಇಡೀ ಓಣಿ ಮಾತಾಡಿತು. ತಿಥಿಯ ತಟ್ಟೆ ಒದ್ದು ಬಂದೆ. ಇವತ್ತೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಅವತ್ತು ಊದುಬತ್ತಿ ಹಚ್ಚಿದ ಕೈಯಲ್ಲೇ ಇವತ್ತು ನಾಲ್ಕು ಸಾಲು ಬರೆದುಕೊಡಿ. ಇನ್ನೇನೂ ಕೇಳುವುದಿಲ್ಲ.

ಲಾಯಿ


ಸಾದೆಕ್
9 ಮಾರ್ಚ್ 1994

ಪ್ರೀತಿಯ ಲಾಯಿ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ತಡವಾಗಿದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೋ. ನನ್ನನ್ನು "ಅವರು" ಮಾಡಿದ್ದೀಯಲ್ಲ, ಅದನ್ನು ಮಾತ್ರ ಎರಡು ಸಲ ಓದಿದೆ.

ನಾನು ಮಗಳ ಮನೆಯಲ್ಲಿದ್ದೇನೆ. ಅಕ್ಕಿ ಹಿಟ್ಟು ಸೋಸುವ ಕೆಲಸ. ಮಂಡಿ ನೋವು ಬಿಟ್ಟರೆ ಚೆನ್ನಾಗಿದ್ದೇನೆ. ಮೊಮ್ಮಗಳಿಗೆ ಆರು ವರ್ಷ, ನಿನ್ನಷ್ಟೇ ಬಾಯಿ.

ಸಹಿ ಹಾಕಿದ ಹಾಳೆ ಇದರೊಳಗಿದೆ. ನಾಲ್ಕು ಹಾಳೆ ಹರಿದು ಐದನೆಯದನ್ನು ಕಳಿಸುತ್ತಿದ್ದೇನೆ. "1981ರ ಚಾಂದ್ರಮಾನದ ಮೂರನೇ ತಿಂಗಳ ಹನ್ನೆರಡರಂದು ಖಾಂಗ್ ಮನೆ ಬಿಟ್ಟು ಹೋದ. ನಾನೇ ಕಣ್ಣಾರೆ ನೋಡಿದ್ದೇನೆ. ಆಮೇಲೆ ಅವನನ್ನು ನಾನು ನೋಡಿಲ್ಲ." ನನ್ನ ಕೈಯಲ್ಲಿ ಇಷ್ಟೇ ಬರೆಯಲಾಯಿತು. ಕಚೇರಿಯವರಿಗೆ ಸಾಕಾಗಬಹುದು.

ಅವತ್ತು ನೀನು ಬೀಳಿಸಿದ ಅನ್ನದ ಬಟ್ಟಲು ಒಡೆಯಲಿಲ್ಲ. ಅಂಚಿನಲ್ಲಿ ಒಂದು ಚಕ್ಕೆ ಎದ್ದಿತು ಅಷ್ಟೆ. ಈಗಲೂ ತಿಥಿಯ ದಿನ ಅದರಲ್ಲೇ ಬಡಿಸುತ್ತೇನೆ. ಏಕೆ ಹೇಳಿದೆನೋ ಗೊತ್ತಿಲ್ಲ. ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ ಅಕ್ಕ
ನ್ಯುಂಗ್


ಸೈಗಾನ್
2 ಏಪ್ರಿಲ್ 1994

ನ್ಯುಂಗಕ್ಕ,

ಆಯಿತು, "ಅಕ್ಕ" ಎಂದೇ ಬರೆದಿದ್ದೇನೆ. ಹಾಳೆ ಕೊಟ್ಟಿದ್ದಕ್ಕೆ ಅಷ್ಟು ಮಾತ್ರ ರಿಯಾಯಿತಿ. "ಸತ್ತಿಲ್ಲ" ಎಂಬ ಒಂದು ಮಾತು ಬರೆಯಲು ನಿನ್ನ ಪೆನ್ನಿನಲ್ಲಿ ಶಾಯಿ ಸಾಲದೇ ಹೋಯಿತಲ್ಲ. ಇರಲಿ.

ನಗಬೇಡ, ನಾನು ಸಿನಿಮಾದಲ್ಲಿ ಪಾತ್ರ ಮಾಡುತ್ತಿದ್ದೇನೆ.

ಹೋದ ವಾರ ಸಿನಿಮಾದವರು ಬಂದು ಓಣಿಯುದ್ದಕ್ಕೂ ಅಳೆದರು. ಒಡೆಯುವ ಮೊದಲು ಇಲ್ಲೇ ಚಿತ್ರ ತೆಗೆಯಬೇಕಂತೆ. ನಿರ್ದೇಶಕ ಉತ್ತರದವನು, ಕಡ್ಡಿಯಂತಿದ್ದಾನೆ, ಉಸಿರಾಡಲೂ ಅಪ್ಪಣೆ ಕೇಳುವವನ ಹಾಗೆ ಮಾತಾಡುತ್ತಾನೆ. ನನ್ನ ಅನ್ನದಂಗಡಿಯ ಒಲೆಯ ಮುಂದೆ ಕೂತು ಎರಡು ತಟ್ಟೆ ನುಚ್ಚಕ್ಕಿ ಅನ್ನ, ಮೇಲೆ ಸುಟ್ಟ ಹಂದಿಮಾಂಸ ತಿಂದು ಮುಗಿಸಿ, ನಮ್ಮ ಮನೆಯೊಳಗೆ ಚಿತ್ರ ತೆಗೆಯಬಹುದೇ ಎಂದ. ಕಥೆ ಏನೆಂದು ಕೇಳಿದೆ. ಒಬ್ಬ ವಿಧವೆ ತಾಯಿ, ಸೈಕಲ್‌ರಿಕ್ಷಾ ತುಳಿಯುವ ಭಾವ, ಲಾಟರಿ ಚೀಟಿ ಮಾರುವ ಮಗಳು, ಒಡೆಯಲಿರುವ ಮನೆ. ಅಷ್ಟೇ.

"ಇದು ನಾವು ದಿನಾ ಬದುಕೋದೇ ಅಲ್ವೇನಪ್ಪ. ಇದನ್ನ ದುಡ್ಡು ಕೊಟ್ಟು ಯಾರು ನೋಡ್ತಾರೆ?" ಅಂದೆ.

"ಇಲ್ಲಿ ನೋಡ್ತಾರೋ ಇಲ್ವೋ ಗೊತ್ತಿಲ್ಲ, ಅಮ್ಮ. ಹೊರದೇಶದಲ್ಲಿ ನೋಡ್ತಾರೆ. ನಮ್ಮ ಊರು ಬಿಟ್ಟು ಹೋದೋರು ಎಲ್ಲೆಲ್ಲಿದ್ದಾರೋ ಅಲ್ಲೆಲ್ಲ ತೋರಿಸ್ತೀವಿ."

ಅಕ್ಕ, ಕೈಯಲ್ಲಿದ್ದ ಇಕ್ಕಳ ಕೆಂಡಕ್ಕೆ ಬಿತ್ತು. ಊರು ಬಿಟ್ಟು ಹೋದವರು ಎಲ್ಲೆಲ್ಲಿದ್ದಾರೋ ಅಲ್ಲೆಲ್ಲ! ಹದಿಮೂರು ವರ್ಷದಿಂದ ಯಾವ ದೇಶಕ್ಕೆ ಬರೆಯಲಿ ಎಂದು ಗೊತ್ತಿಲ್ಲದೆ ಕೂತವಳು ನಾನು. ಇದು ಎಲ್ಲ ದೇಶಕ್ಕೂ ಒಮ್ಮೆಲೇ ಹೋಗುವ ಕಾಗದ. ಖಾಂಗ್‌ನ ಸಿನಿಮಾ ಹುಚ್ಚು ನಿನಗೆ ಗೊತ್ತೇ ಇದೆ. ಚಿತ್ರಮಂದಿರದ ಹಿಂಬಾಗಿಲಿನಿಂದ ನುಗ್ಗಿ ಸಿಕ್ಕಿಬಿದ್ದು, ಹೊಡೆಯಲು ಬಂದ ಕಾವಲುಗಾರನನ್ನೇ ನಗಿಸಿ ತಪ್ಪಿಸಿಕೊಂಡವನು. ಅಂಥವನು ಎಲ್ಲಿದ್ದರೂ ತನ್ನ ಊರಿನ ಸಿನಿಮಾ ಬಿಡುತ್ತಾನೆಯೇ?

ಬಾಡಿಗೆ ಬೇಡ, ಎರಡು ಕರಾರು ಎಂದೆ. ಬಾಗಿಲ ಮೇಲಿನ 47/9 ತಗಡು ಓದುವ ಹಾಗೆ ಕಾಣಬೇಕು. ಒಲೆಯ ಮುಂದೆ ನಾನು ಕಾಣಬೇಕು. ಓಣಿಯವರೆಲ್ಲ ಮುದುಕಿಗೆ ನಾಯಕಿಯಾಗುವ ಚಪಲ ಎಂದು ಆಡಿಕೊಳ್ಳುತ್ತಿದ್ದಾರೆ. ನಿರ್ದೇಶಕ ಮಾತ್ರ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಒಪ್ಪಿಕೊಂಡ, ಕಾರಣ ಕೇಳಲಿಲ್ಲ.

ನೀನೂ ಯಾರಿಗೂ ಹೇಳಬೇಡ.

ಲಾಯಿ


ಸೈಗಾನ್
26 ಏಪ್ರಿಲ್ 1994

ನ್ಯುಂಗಕ್ಕ,

ನೀನು ಉತ್ತರ ಬರೆಯಲಿಲ್ಲ. ಮೊನ್ನೆ ಚಾಂದ್ರಮಾನದ ಮೂರನೇ ತಿಂಗಳ ಹನ್ನೆರಡು, ಹುಡುಗರು ಹೊರಟ ದಿನ, ಕಳೆಯಿತು. ನೀನು ಏನು ಮಾಡಿದೆ ಎಂದು ನಾನು ಕೇಳುವುದಿಲ್ಲ.

ಚಿತ್ರೀಕರಣ ಮುಗಿಯಿತು. ಕ್ಯಾಮೆರಾ ನೋಡಬಾರದು, ನಿಮ್ಮ ಪಾಡಿಗೆ ಮಾಂಸ ಸುಡುತ್ತಿರಿ ಎಂದು ನಿರ್ದೇಶಕ ಹೇಳಿಕೊಟ್ಟ. ನಾನು ನೆಟ್ಟಗೆ ಕ್ಯಾಮೆರಾವನ್ನೇ ನೋಡಿದೆ. ಮತ್ತೆ ತೆಗೆದ, ಮತ್ತೆ ನೋಡಿದೆ. ಮೂರನೆಯ ಸಲ, "ಹೋಗ್ಲಿ ಬಿಡಿ, ಹಾಗೇ ಇರಲಿ," ಎಂದು ಎದ್ದುಹೋದ. ಮಗನನ್ನು ನೋಡಬೇಕಾದರೆ ಬೇರೆ ಕಡೆ ನೋಡಿಕೊಂಡು ನೋಡುವುದು ಹೇಗೆ, ನೀನೇ ಹೇಳು.

ಮನೆಯೊಳಗಿನ ಭಾಗವನ್ನು ಒಂದೇ ದಿನದಲ್ಲಿ ಮುಗಿಸಿದರು. ಅವತ್ತು ನಾನಿರಲಿಲ್ಲ. ನಿನ್ನ ಹಾಳೆ ಹಿಡಿದು ವಾರ್ಡ್ ಕಚೇರಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತಿದ್ದೆ. ಒಪ್ಪಿಕೊಂಡರು. ಖಾಂಗ್‌ನ ಹೆಸರಿನ ಮುಂದೆ "ಊರಲ್ಲಿಲ್ಲ" ಎಂದು ಬರೆದುಕೊಂಡರು. ಹಾರಿಕೊಂಡು ಮನೆಗೆ ಬಂದರೆ ಎಲ್ಲವೂ ಇದ್ದ ಜಾಗದಲ್ಲೇ ಇತ್ತು. ರೇಡಿಯೊ ಪಕ್ಕದ ಖಾಂಗ್‌ನ ಫೋಟೊದ ಗಾಜು ಕೂಡ ಒರೆಸಿ ಫಳಫಳ ಎನ್ನುತ್ತಿತ್ತು. ಯಾರೋ ಒಳ್ಳೆಯ ಮನಸ್ಸಿನವರು, ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಇನ್ನು ಕಾಯುವುದೊಂದೇ ಕೆಲಸ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಲಾಯಿ


ಸಾದೆಕ್
8 ಮೇ 1994

ಪ್ರೀತಿಯ ಲಾಯಿ,

ನೀನು ಕೇಳುವುದಿಲ್ಲ ಎಂದೆ, ನಾನಾಗಿಯೇ ಹೇಳುತ್ತೇನೆ. ಈ ವರ್ಷವೂ ತಿಥಿ ಮಾಡಿದೆ. ಎಳನೀರಲ್ಲಿ ಬೇಯಿಸಿದ ಹಂದಿಮಾಂಸ, ಮೊಟ್ಟೆ. ನಿನ್ನ ಕೈರುಚಿ ಬರಲಿಲ್ಲ, ಯಾವ ವರ್ಷವೂ ಬರುವುದಿಲ್ಲ.

ಸಿನಿಮಾದ ವಿಷಯ ಓದಿ ನಕ್ಕೆ. ಒಂದು ಮಾತು ಕೇಳುತ್ತೇನೆ, ಕೋಪ ಮಾಡಬೇಡ. ಹುಡುಗ ಬದುಕಿದ್ದೂ ಬರೆಯಲಾಗದೆ ಇರಬಹುದಲ್ಲವೇ? ವಿಳಾಸ ಗೊತ್ತಿದ್ದೂ, ಏನೆಂದು ಬರೆಯುವುದು ಎಂದು ತಿಳಿಯದೆ? ದಾತ್ ಸಣ್ಣವನಿದ್ದಾಗ ನಿನ್ನ ಮನೆಯ ಮಡಕೆ ಒಡೆದು ಎರಡು ದಿನ ನಿನ್ನ ಓಣಿಯ ಭಾಗಕ್ಕೇ ಕಾಲಿಡಲಿಲ್ಲ. ನೆನಪಿದೆಯೇ?

ಮಂಡಿಗೆ ಎಣ್ಣೆ ಹಚ್ಚಿ ಮಲಗುತ್ತೇನೆ.

ನ್ಯುಂಗ್


ಸೈಗಾನ್
17 ಜುಲೈ 1994

ನ್ಯುಂಗಕ್ಕ,

ಮಡಕೆ ನೆನಪಿದೆ. ಆದರೆ ನೀನು ದಾತ್‌ನನ್ನು ಪೀಠ ಹತ್ತಿಸಿ ಮತ್ತೆ ಬದುಕಿರುವ ಹುಡುಗರ ಮಾತಾಡುವುದು ನನಗೆ ಅರ್ಥವಾಗಲಿಲ್ಲ. ವಯಸ್ಸಾಯಿತು ನಿನಗೆ.

ಮನೆ ಒಡೆದರು. ಮೂವತ್ತೊಂದು ವರ್ಷ ಬದುಕಿದ ಮನೆ ಒಂದು ತಟ್ಟೆ ಅನ್ನ ತಿನ್ನುವಷ್ಟರಲ್ಲಿ ನೆಲಕ್ಕೆ ಬಿತ್ತು. 47/9 ತಗಡನ್ನು ಮಾತ್ರ ಮೊಳೆ ಸಮೇತ ಕಿತ್ತಿಟ್ಟುಕೊಂಡೆ. ಹೊಸ ಮನೆ ನಾಲ್ಕನೇ ಮಹಡಿಯಲ್ಲಿದೆ. ನೀರು ಬರುತ್ತದೆ, ಇಲಿಗಳಿಲ್ಲ, ಗೋಡೆ ಬಿಳಿ. ಪಕ್ಕದ ಮನೆಯಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಓಣಿಯಲ್ಲಿ ಒಬ್ಬರು ಕೆಮ್ಮಿದರೆ ಹತ್ತು ಮನೆಯವರು ಶುಂಠಿ ತರುತ್ತಿದ್ದರು.

ಅಂಚೆ ಕಚೇರಿಗೆ ಹೋಗಿದ್ದೆ. ನಲವತ್ತೇಳರ ಓಣಿಗೆ ಬರುವ ಕಾಗದವನ್ನು ಹೊಸ ಮನೆಗೆ ಕಳಿಸಿ ಎಂದು ಕೇಳಿಕೊಂಡೆ. ಆರು ತಿಂಗಳವರೆಗೆ ಕಳಿಸಬಹುದು, ಆಮೇಲೆ "ಇಂಥ ವಿಳಾಸವಿಲ್ಲ" ಎಂದು ಬರೆದು ಹಿಂದಕ್ಕೆ ಕಳಿಸುವುದೇ ನಿಯಮ ಎಂದರು. ಹಿಂದಕ್ಕೆ ಹೋದ ಕಾಗದ ನೋಡಿ ಮಗ ಏನೆಂದುಕೊಳ್ಳುತ್ತಾನೆ? ತಾಯಿ ಸತ್ತಳು ಎಂದುಕೊಳ್ಳುತ್ತಾನೆ.

ಅದಕ್ಕೇ ದಿನಾ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಓಣಿಯಿದ್ದ ಜಾಗಕ್ಕೆ ಹೋಗುತ್ತೇನೆ. ಅಂಚೆಯವನು ಬರುತ್ತಿದ್ದ ಹತ್ತು ಗಂಟೆಯ ಹೊತ್ತಿಗೆ ಇಟ್ಟಿಗೆ ರಾಶಿಯ ಮೇಲೆ ತಗಡು ಹಿಡಿದು ಕೂರುತ್ತೇನೆ. ಕೆಲಸದವರು ನನ್ನನ್ನು "ಒಂಬತ್ತನೇ ನಂಬರಜ್ಜಿ" ಎನ್ನುತ್ತಾರೆ, ಚಹಾ ಕೊಡುತ್ತಾರೆ. ನನಗೆ ಹುಚ್ಚು ಹಿಡಿದಿಲ್ಲ ಅಕ್ಕ. ಹಿಡಿದರೆ ಹೇಳುವವರೂ ಇಲ್ಲಿ ಯಾರೂ ಇಲ್ಲ.

ಆ ಸಿನಿಮಾ ಬೇಗ ಬರಲಿ. ನನಗೆ ಉಳಿದಿರುವುದು ಅದೊಂದೇ.

ಲಾಯಿ


ಸೈಗಾನ್
21 ಫೆಬ್ರುವರಿ 1995

ಅಕ್ಕ,

ನಾನೇ ನನ್ನ ಮಗನನ್ನು ಕೊಂದೆ.

ಮೊನ್ನೆ ಸಿನಿಮಾ ತೋರಿಸಿದರು. ಓಣಿಯಲ್ಲಿದ್ದವರಿಗೆಲ್ಲ ಟಿಕೆಟ್ ಕಳಿಸಿದ್ದರು. ಒಳ್ಳೆಯ ಬಟ್ಟೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಓಣಿ ಬಂತು, ನನ್ನ ಒಲೆ ಬಂತು, ನಾನು ಬಂದೆ, ಹಿಂದಿನವರು ಚಪ್ಪಾಳೆ ತಟ್ಟಿದರು. ತಗಡಿನ ಮೇಲೆ 47/9 ಮೂರು ಆಳೆತ್ತರಕ್ಕೆ ಸ್ಪಷ್ಟವಾಗಿ ಕಂಡಿತು. ನಾನು ಅಳುತ್ತಾ ನಗುತ್ತಾ ಇದ್ದೆ. ಕ್ಯಾಮೆರಾ ಅದೇ ಬಾಗಿಲಿನಿಂದ ಒಳಗೆ ಹೋಯಿತು. ತಾಯಿಯ ಪಾತ್ರದವಳು ಪೀಠದ ಮುಂದೆ ಊದುಬತ್ತಿ ಹಚ್ಚಿ, ಸಮುದ್ರದಲ್ಲಿ ಸತ್ತ ಮಗನ ಫೋಟೊ ಕೆಳಗಿಳಿಸಿ ಎದೆಗೆ ಒತ್ತಿಕೊಂಡು, ಮನೆ ಬಿಡಬೇಕು ಮಗನೇ, ನಡಿ ಎಂದು ಅತ್ತಳು. ಆ ಫೋಟೊ ಖಾಂಗ್‌ನದು.

ಹದಿನೇಳು ವರ್ಷದ ನನ್ನ ಖಾಂಗ್, ಬಾಯಿ ಓರೆ ಮಾಡಿ ನಗುತ್ತಿರುವ ಅದೇ ಫೋಟೊ. ಮುಂದೆ ಅನ್ನದ ಬಟ್ಟಲು, ಅದರ ಮೇಲೆ ಸತ್ತವರಿಗೆ ಇಡುವ ಹಾಗೆ ಜೋಡಿ ಊಟದ ಕಡ್ಡಿ.

ಸಿನಿಮಾ ನಡೆಯುತ್ತಿರುವಾಗಲೇ ಎದ್ದು ಕಿರುಚಿದೆನಂತೆ. ನನಗೆ ನೆನಪಿಲ್ಲ. ಚಿತ್ರೀಕರಣಕ್ಕೆ ಸಾಮಾನು ಜೋಡಿಸುವವನನ್ನು ನನ್ನ ಮುಂದೆ ಕರೆತಂದರು.

"ಪೀಠ ಇತ್ತು, ಪಕ್ಕದಲ್ಲೇ ಕಟ್ಟು ಹಾಕಿಸಿದ ಹುಡುಗನ ಫೋಟೊ ಇತ್ತು. ಧೂಳು ಹೊಡೆಯೋಕೆ ಕೆಳಗಿಟ್ಟಿದ್ದಾರೆ ಅಂದ್ಕೊಂಡೆ, ಅಮ್ಮ. ಒರೆಸಿ ಮೇಲಿಟ್ಟೆ. ಮುಗಿದ ಮೇಲೆ ಇದ್ದಲ್ಲೇ ಇಟ್ಟೆ."

ಅವನ ತಪ್ಪೇನು? ಯಾರ ಮನೆಯಲ್ಲಾದರೂ ಹಾಗೆಯೇ ಅಲ್ಲವೇ? ಅವನಿಗೆ ಹೊಟ್ಟೆ ತಣ್ಣಗಿರಲಿ ಎಂದು ಹರಸಿದವಳು ನಾನು.

ನಿರ್ದೇಶಕನ ಕಾಲು ಹಿಡಿದೆ. ಆ ಭಾಗ ಕತ್ತರಿಸಲು ಕೇಳಿದೆ. ಚಿತ್ರ ಆಗಲೇ ಹೊರದೇಶಗಳಿಗೆ ಹೋಗಿದೆ, ಮತ್ತೆ ತೆಗೆಯಲು ಮನೆಯೇ ಇಲ್ಲ ಎಂದು ಅವನೂ ಕಣ್ಣೊರೆಸಿಕೊಂಡ. ಖಾಂಗ್ ಎಲ್ಲೋ ಒಂದು ಊರಲ್ಲಿ ಕೂತು ಇದನ್ನು ನೋಡುತ್ತಾನೆ. ತನ್ನ ಮನೆ ನೋಡುತ್ತಾನೆ, ನನ್ನನ್ನು ನೋಡುತ್ತಾನೆ, ಆಮೇಲೆ ತನಗೇ ತಾಯಿ ತಿಥಿ ಮಾಡಿರುವುದನ್ನು ನೋಡುತ್ತಾನೆ. ಇನ್ನು ಯಾಕೆ ಬರೆಯುತ್ತಾನೆ? ಹದಿನಾಲ್ಕು ವರ್ಷ ಕಾದು ಕೊನೆಗೆ ಅವನಿಗೆ ಅವನ ಸಾವಿನ ಸುದ್ದಿಯನ್ನೇ ಕಳಿಸಿಕೊಟ್ಟೆ.

ಒಂದೇ ದಾರಿ ಉಳಿದಿದೆ. ಈ ಫೋಟೊದ ಹುಡುಗ ಬದುಕಿದ್ದಾನೆ ಎಂದು ಇಬ್ಬರು ಬರೆದುಕೊಟ್ಟರೆ ಸಿನಿಮಾದ ಕಚೇರಿಯವರು ಚಿತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸಲು ಪ್ರಯತ್ನಿಸುತ್ತಾರಂತೆ. ಒಬ್ಬಳು ನಾನು. ಇನ್ನೊಬ್ಬಳು ನೀನೇ. ಈ ಸಲ ಸುತ್ತಿ ಬಳಸಿ ಬರೆಯಬೇಡ. "ಬದುಕಿದ್ದಾನೆ" ಎಂದೇ ಬರೆ. ಕೂಡಲೇ ಬರೆ. ನಾನು ಊಟ ಮಾಡಿ ಮೂರು ದಿನವಾಯಿತು. ಈ ನಾಲ್ಕನೇ ಮಹಡಿಯ ಬಾಲ್ಕನಿಯ ಕಟಕಟೆ ನನ್ನ ಸೊಂಟಕ್ಕೂ ಬರುವುದಿಲ್ಲ. ಅದರ ಹತ್ತಿರ ಹೋಗಲು ನನಗೀಗ ಭಯವಾಗುತ್ತದೆ.

ಲಾಯಿ


ಸಾದೆಕ್
28 ಫೆಬ್ರುವರಿ 1995

ಲಾಯಿ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಅಳಿಯನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸಿ, ಅವನೆದುರು ಒಂದು ಬಟ್ಟಲು ಗಂಜಿ ಕುಡಿಯುವವರೆಗೆ ಅವನು ನಿನ್ನ ಮನೆಯಿಂದ ಕದಲುವುದಿಲ್ಲ. ನನ್ನ ಮಂಡಿ ಬಸ್ಸು ಹತ್ತುವ ಹಾಗಿದ್ದರೆ ನಾನೇ ಬರುತ್ತಿದ್ದೆ. ಇಲ್ಲ, ಸುಳ್ಳು. ನಿನ್ನ ಮುಖ ನೋಡಿ ಇದನ್ನು ಹೇಳಲು ನನಗೆ ಹನ್ನೊಂದು ವರ್ಷದಿಂದ ಧೈರ್ಯ ಬಂದಿಲ್ಲ.

"ಬದುಕಿದ್ದಾನೆ" ಎಂದು ನಾನು ಬರೆಯಲಾರೆ.

1984ರ ಹಬ್ಬದ ಮುಂಚೆ ಒಂದು ಕಾಗದ ಬಂತು. ಮೇಲೆ ಹೆಸರಿರಲಿಲ್ಲ. "ಓಣಿ ನಲವತ್ತೇಳು, ನೀಲಿ ಅಂಗಿಯ ಇಬ್ಬರು ಹುಡುಗರ ಮನೆಯವರಿಗೆ" ಎಂದಷ್ಟೇ ಇತ್ತು. ಓಣಿಯ ಬಾಯಲ್ಲಿ ನಮ್ಮ ಮನೆ. ಅಂಚೆಯವನು ನನ್ನ ಕೈಗೆ ಕೊಟ್ಟ. ಅದೇ ದೋಣಿಯಲ್ಲಿದ್ದ ಒಬ್ಬ ಹೆಂಗಸು ಮಲೇಶಿಯಾದ ಶಿಬಿರದಿಂದ ಬರೆದಿದ್ದಳು. ಬದುಕಿ ಉಳಿದವರು ಮಿಕ್ಕವರ ಮನೆಗೆ ತಿಳಿಸಬೇಕೆಂದು ದೋಣಿಯಲ್ಲೇ ಮಾತಾಗಿತ್ತಂತೆ. ಆ ಕಾಗದ ಇದರೊಳಗಿದೆ. ನೀನೇ ಓದು. ಓದಲಾಗದಿದ್ದರೆ ಅಳಿಯ ಓದುತ್ತಾನೆ.

ಯಂತ್ರ ಕೆಟ್ಟು ಹನ್ನೆರಡು ದಿನ ತೇಲಿದರಂತೆ. ನೀರು ಮುಗಿಯಿತು. ಇಬ್ಬರು ಹುಡುಗರಲ್ಲಿ ಒಬ್ಬ ಕೊನೆಯವರೆಗೂ ಎಲ್ಲರನ್ನೂ ನಗಿಸುತ್ತಿದ್ದನಂತೆ. ದಡ ಸೇರಿದ ಮೇಲೆ ಎಲ್ಲರೂ ನಮ್ಮಮ್ಮನ ಕೈ ನುಚ್ಚಕ್ಕಿ ಅನ್ನ ತಿನ್ನಬೇಕು ಎನ್ನುತ್ತಾ, ಬರಿಗೈಯಲ್ಲೇ ಬಡಿಸುವ ಹಾಗೆ ಆಡುತ್ತಾ, ಯಾರಿಗೆ ಮೊಟ್ಟೆ, ಯಾರಿಗೆ ಇನ್ನೊಂದು ತುಂಡು ಮಾಂಸ ಎಂದು ಕೇಳುತ್ತಿದ್ದನಂತೆ. ಒಂಬತ್ತನೆಯ ದಿನ ಅವನ ಧ್ವನಿ ನಿಂತಿತು. ಅವನನ್ನು ಸಮುದ್ರಕ್ಕೆ ಬಿಟ್ಟರು. ಇನ್ನೊಬ್ಬ ಮಾತೇ ಆಡದ ಹುಡುಗ. ಹನ್ನೆರಡನೆಯ ದಿನ ಒಂದು ಮೀನುಗಾರರ ಹಡಗಿನವರು ಬಂದು, ಕೆಲಸಕ್ಕೆಂದು ಅವನನ್ನು ಎಳೆದುಕೊಂಡು ಹೋದರು. ಹೋಗುವಾಗ ಜೀವಂತವಾಗಿದ್ದ. ಅವಳಿಗೆ ಗೊತ್ತಿರುವುದು ಅಷ್ಟೇ.

ಕಾಗದ ಹಿಡಿದು ನಿನ್ನ ಮನೆಗೆ ಬಂದಿದ್ದೆ, ಲಾಯಿ. ನೀನು ಒಲೆಯ ಮುಂದೆ ಇದ್ದೆ. "ಅಕ್ಕ, ಖಾಂಗ್‌ಗೆ ಈ ಸಲ ಹುಟ್ಟುಹಬ್ಬಕ್ಕೆ ಅಂಗಿ ಬಟ್ಟೆ ತಂದಿಟ್ಟಿದ್ದೀನಿ, ಅಳತೆ ಜಾಸ್ತಿನೇ ಇರಲಿ ಅಲ್ವಾ?" ಅಂದೆ. ನಿನಗೆ ಗಂಡನಿಲ್ಲ, ಬೇರೆ ಮಕ್ಕಳಿಲ್ಲ. ಅವನನ್ನು ದೋಣಿ ಹತ್ತಿಸಿದವಳು ನಾನು. ಜಾಸ್ತಿನೇ ಇರಲಿ ಎಂದು ಹೇಳಿ ಹಿಂದಿರುಗಿದೆ.

ಆದರೆ ಹುಡುಗ ನೀರಲ್ಲಿ ಹೋದವನು. ಗೋರಿಯಿಲ್ಲ. ಅನ್ನವಿಡುವವರಿಲ್ಲದಿದ್ದರೆ ಹಸಿದ ಪ್ರೇತವಾಗಿ ಅಲೆಯಬೇಕು. ಊರಿಗೆಲ್ಲ ಬಡಿಸುತ್ತೇನೆಂದು ಸತ್ತವನು ಹಸಿದು ಅಲೆಯುವುದನ್ನು ಹೇಗೆ ನೋಡಲಿ? ನಿನಗೆ ತಿಳಿಯದ ಹಾಗೆ ಅವನಿಗೆ ಉಣಿಸಲು ನನಗೆ ಒಂದೇ ದಾರಿ ಹೊಳೆಯಿತು. ದಾತ್‌ನ ಫೋಟೊ ಕಟ್ಟು ಹಾಕಿಸಿ ಪೀಠದ ಮೇಲಿಟ್ಟೆ. ಅದರ ಹಿಂದೆ, ಅದೇ ಕಟ್ಟಿನೊಳಗೆ, ಖಾಂಗ್‌ನ ಫೋಟೊ ಇದೆ. ಇಬ್ಬರೂ ಶಾಲೆಯಲ್ಲಿ ತೆಗೆಸಿಕೊಂಡಿದ್ದರಲ್ಲ, ಅದರಿಂದ ಕತ್ತರಿಸಿದ್ದು. ಹನ್ನೊಂದು ವರ್ಷದಿಂದ ಊದುಬತ್ತಿ ಹಚ್ಚಿ ನಾನು ಮೆಲ್ಲಗೆ ಕರೆಯುತ್ತಿರುವುದು ನಿನ್ನ ಮಗನ ಹೆಸರನ್ನು. ಎಳನೀರಿನ ಮಾಂಸ ದಾತ್‌ಗೆ ಯಾವತ್ತಿಗೂ ಸೇರುತ್ತಿರಲಿಲ್ಲ. ನಿನಗೂ ಗೊತ್ತು.

ದಾತ್‌ಗಾಗಿ ಕಾಣದ ದೇಶಗಳಿಗೆಲ್ಲ ಬರೆಸಿದೆ. ಎಲ್ಲಿಂದಲೂ ಉತ್ತರವಿಲ್ಲ. ಬದುಕಿರಬಹುದಾದ ಮಗನ ಮುಖದ ಮುಂದೆ ಊದುಬತ್ತಿ ಹಚ್ಚಿ ನಾನೇ ಅವನ ಆಯುಸ್ಸು ಸುಟ್ಟೆನೇನೋ ಎಂದು ಪ್ರತಿ ವರ್ಷ ಅನ್ನಿಸುತ್ತದೆ.

ನೀನು ನನಗೆ ಏನು ಬೇಕಾದರೂ ಅನ್ನು. ಗಂಜಿ ಮಾತ್ರ ಕುಡಿ.

ನ್ಯುಂಗ್


ಸಾದೆಕ್
22 ಮಾರ್ಚ್ 1995

ಲಾಯಿ,

ಗಂಜಿ ಕುಡಿದೆ, ಬಾಗಿಲು ಹಾಕಿಕೊಂಡೆ ಎಂದು ಅಳಿಯ ಹೇಳಿದ. ಮೂರು ವಾರವಾಯಿತು. ಬೈದಾದರೂ ಒಂದು ಸಾಲು ಬರೆ. ಬರೀ ಹಾಳೆ ಕಳಿಸಿದರೂ ಸಾಕು. ನೀನಿದ್ದೀಯ ಎಂದು ತಿಳಿದರೆ ಸಾಕು.

ನ್ಯುಂಗ್


ಸೈಗಾನ್
3 ಏಪ್ರಿಲ್ 1995

ನ್ಯುಂಗಕ್ಕ,

ಇದ್ದೇನೆ.

ಮೊದಲ ವಾರ ನಿನ್ನನ್ನು ಶಪಿಸಿದೆ. ನನ್ನ ಮಗನ ಸಾವನ್ನು ನನ್ನಿಂದ ಕದ್ದವಳು ಎಂದೆ. ಎರಡನೆಯ ವಾರ ಆ ಹೆಂಗಸಿನ ಕಾಗದ ಓದಿದೆ. ಎಷ್ಟು ಸಲ ಎಂದು ಲೆಕ್ಕವಿಲ್ಲ. ಯಾರಿಗೆ ಮೊಟ್ಟೆ, ಯಾರಿಗೆ ಇನ್ನೊಂದು ತುಂಡು. ಅದು ಅವನೇ. ಅಂಗಡಿಯಲ್ಲಿ ನನ್ನನ್ನು ಅಣಕಿಸುವಾಗ ಹಾಗೆಯೇ ಆಡುತ್ತಿದ್ದ. ಎದೆಯ ಮೂಲೆಯಲ್ಲಿ ನನಗೂ ಗೊತ್ತಿತ್ತೇನೋ ಅಕ್ಕ. ಅಷ್ಟು ವಾಚಾಳಿ ಹುಡುಗ ಹದಿನಾಲ್ಕು ವರ್ಷ ಸುಮ್ಮನಿರುತ್ತಾನೆಯೇ?

ಮೂರನೆಯ ವಾರ ಒಂದೇ ವಿಷಯ ಕಣ್ಣ ಮುಂದೆ ಬರುತ್ತಿತ್ತು. ನಾನು ಒದ್ದ ತಟ್ಟೆ. ಹಸಿದು ಸತ್ತ ನನ್ನ ಮಗನಿಗೆ ಮೂರು ವರ್ಷದ ಮೇಲೆ ಒಬ್ಬರು ಅನ್ನವಿಟ್ಟರೆ, ಅದನ್ನು ಕಾಲಿನಿಂದ ಒದ್ದವಳು ಹೆತ್ತ ತಾಯಿ. ನೀನು ನೆಲದ ಮೇಲೆ ಕೂತು ಒಂದೊಂದು ಅಗುಳೂ ಆರಿಸುತ್ತಿದ್ದೆ. ನೋಡಿಯೂ ಬೈಯುತ್ತಲೇ ಹೊರಟು ಬಂದೆ. ಅಗುಳು ಯಾಕೆ ಆರಿಸುತ್ತಿದ್ದೆ ಎಂದು ಈಗ ಗೊತ್ತಾಯಿತು. ಮೊದಲ ಕಾಗದದಲ್ಲಿ ಪಶ್ಚಾತ್ತಾಪವಿಲ್ಲ ಎಂದು ಬರೆದಿದ್ದೆನಲ್ಲ, ಆ ಕಾಗದ ಹರಿದು ಹಾಕು.

ವಾರ್ಡ್ ಕಚೇರಿಗೆ ಹೋಗಿ ಬಂದೆ. ನಾನೇ ಹೇಳಿ ಗೀಟು ಹಾಕಿಸಿದೆ. ಆ ಹುಡುಗಿ ಸ್ಕೇಲ್ ಇಟ್ಟು ನೇರವಾಗಿ ಎಳೆದಳು, ಆಮೇಲೆ ನನ್ನ ಕೈ ಹಿಡಿದುಕೊಂಡಳು.

ಇನ್ನು ನಾನು ಹೇಳುವುದನ್ನು ಕೇಳು, ಎದುರು ಮಾತಾಡಬೇಡ. ಚಾಂದ್ರಮಾನದ ಮೂರನೇ ತಿಂಗಳ ಹನ್ನೆರಡಕ್ಕೆ ಇನ್ನು ಎಂಟು ದಿನ. ಹನ್ನೊಂದರ ಬೆಳಿಗ್ಗೆಯ ಬಸ್ಸಿಗೆ ನಾನು ಬರುತ್ತೇನೆ. ಎಳನೀರು ತೆಗೆದಿಡು, ಮಾಂಸಕ್ಕೆ ಕೈ ಹಚ್ಚಬೇಡ, ನಾನೇ ಮಾಡುತ್ತೇನೆ. ಚಕ್ಕೆ ಎದ್ದ ಬಟ್ಟಲಲ್ಲೇ ಅವನಿಗೆ ಬಡಿಸುತ್ತೇನೆ. ಮೊಟ್ಟೆ ಎರಡು.

ಅದಕ್ಕಿಂತ ಮೊದಲು, ಇವತ್ತೇ, ಈ ಕಾಗದ ಕೆಳಗಿಟ್ಟು ಎದ್ದುಹೋಗಿ ಆ ಕಟ್ಟು ಬಿಚ್ಚು. ದಾತ್‌ನನ್ನು ಹೊರಗೆ ತೆಗೆ. ಅವನ ಜಾಗ ಅದಲ್ಲ. ನಿನ್ನ ರೇಡಿಯೊ ಪಕ್ಕದಲ್ಲಿಡು, ದಿನಾ ಮಾತಾಡಿಸು, ಬೈ. ನಾನು ಹೇಗೆ ಮಾಡುತ್ತಿದ್ದೆ ಎಂದು ಬಂದ ಮೇಲೆ ಹೇಳಿಕೊಡುತ್ತೇನೆ. ಅವನ ಪಾಲಿನ ಬಟ್ಟಲನ್ನು ಮುಚ್ಚಿಡೋಣ, ತಡವಾಗಿ ಬರುವವರಿಗೆ ಇಡುವ ಹಾಗೆ.

ಸಿನಿಮಾದವರಿಗೆ ಏನನ್ನೂ ಬದಲಾಯಿಸಬೇಡಿ ಎಂದು ಹೇಳಿ ಬಂದೆ. ಯಾಕೆ ಗೊತ್ತೇ? ಹೋದ ವರ್ಷ ನೀನು ಬರೆದ ಮಡಕೆಯ ಮಾತು ಮತ್ತೆ ಓದಿದೆ. ದಾತ್ ಎಲ್ಲೋ ಇದ್ದರೆ ಇಷ್ಟು ವರ್ಷ ಯಾಕೆ ಬರೆಯಲಿಲ್ಲ? ಬರೆದರೆ ಮೊದಲು ಖಾಂಗ್‌ನ ಸುದ್ದಿ ಬರೆಯಬೇಕು. ಲಾಯಿ ಚಿಕ್ಕಮ್ಮನಿಗೆ ಹೇಗೆ ಹೇಳಲಿ ಎಂದು ಬಾಯಿ ಕಟ್ಟಿ ಕೂತಿರುತ್ತಾನೆ ಆ ಮೂಕ ಹುಡುಗ. ಈಗ ಅವನು ಆ ಚಿತ್ರ ನೋಡಲಿ. ಬಾಗಿಲ ಮೇಲೆ 47/9 ನೋಡಲಿ, ಒಲೆಯ ಮುಂದೆ ತನ್ನನ್ನೇ ನೋಡುತ್ತಿರುವ ನನ್ನನ್ನು ನೋಡಲಿ, ಒಳಗೆ ಖಾಂಗ್‌ನ ಮುಂದೆ ಉರಿಯುವ ಊದುಬತ್ತಿ ನೋಡಲಿ. ಚಿಕ್ಕಮ್ಮನಿಗೆ ಗೊತ್ತಾಗಿದೆ ಎಂದು ಅವನಿಗೆ ತಿಳಿಯುತ್ತದೆ.

ತಗಡನ್ನು ಜೊತೆಗೆ ತರುತ್ತೇನೆ. ನಿನ್ನ ಬಾಗಿಲಿಗೆ ಹೊಡೆಯೋಣ. ಅಂಚೆ ಕಚೇರಿಯಲ್ಲಿ ನಿನ್ನ ವಿಳಾಸ ಕೊಟ್ಟು ಬಂದಿದ್ದೇನೆ. ಅವಧಿ ಮುಗಿದಿದೆ ಎಂದ ಗುಮಾಸ್ತ. ಕಿಟಕಿ ಮುಂದೆಯೇ ಕೂತೆ. ಮಧ್ಯಾಹ್ನದವರೆಗೆ ಕೂತಿದ್ದಕ್ಕೆ ಬರೆದುಕೊಂಡ. ನಲವತ್ತೇಳರ ಓಣಿಗೆ ಯಾವ ಕಾಗದ ಬಂದರೂ ಸಾದೆಕ್‌ಗೆ ಕಳಿಸುತ್ತಾರೆ.

ಈಗ ಅವನು ಬರೆಯಬಹುದು, ಅಕ್ಕ.

ನಿನ್ನ ತಂಗಿ
ಲಾಯಿ